ಮಾಸ್ತರರ ಕಂಪ್ಯೂಟರ್ ಚಾಲೂ ಆದದ್ದು

ಕರೆಂಟಿಲ್ಲದೆ ಯಂತ್ರ ನಡೆಯುವುದಿಲ್ಲ. ಇದಕ್ಕಿಂತ ದೊಡ್ಡ ಸತ್ಯ ಇನ್ನೊಂದಿದೆ ಎಂದು ಯಾರಾದರೂ ಹೇಳಿದ್ದರೆ ಆ ಕಾಲದಲ್ಲಿ ನಾನು ನಕ್ಕುಬಿಡುತ್ತಿದ್ದೆ. ಎರಡು ಸಾವಿರದ ಇಸವಿಯ ಈಚೆಗೆ ನಾಲ್ಕೈದು ವರ್ಷ ಹುಮನಾಬಾದಿನಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಮಾನಿಟರಿಗೆ ನಿಂಬೆಹಣ್ಣು ಕಟ್ಟಿಕೊಂಡು ತಂದವರನ್ನೆಲ್ಲ ಗೇಲಿ ಮಾಡಿ ಕಳಿಸುತ್ತಿದ್ದೆ. ದೆವ್ವದ ಸುದ್ದಿ ಎತ್ತಿದವರಿಗೆ "ಮೊದಲ ಅದರ ಫ್ಯೂಸ್ ನೋಡಿದ್ರೇನು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಈಗ ಬರೆಯುತ್ತಿರುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಒಂದು ದಿನ ಬಸವಕಲ್ಯಾಣದಿಂದ ಶಾಂತಾಬಾಯಿಯವರ ಫೋನ್ ಬಂತು. ಅವರ ಗಂಡ ಕಾಶೀನಾಥ ಮಾಸ್ತರರಿಗೆ ಕಂಪ್ಯೂಟರ್ ಜೋಡಿಸಿ ಕೊಟ್ಟವನು ನಾನೇ. ಮಾಸ್ತರರು ಹೃದಯಾಘಾತದಿಂದ ತೀರಿಕೊಂಡು ಆರು ತಿಂಗಳಾಗಿತ್ತು.

"ಅಣ್ಣಾ, ಗುಂಡಿ ಒತ್ತಿದ್ರ ಉಸುರೇ ಇಲ್ಲದಂಗ ಕುಂತದ. ಅದ್ರಾಗ ನಮ್ಮವ್ವನ ಹಾಡು ಅದಾವ್ರಿ. ಬ್ಯಾರೆ ಎಲ್ಲೂ ಇಲ್ಲ," ಎಂದರು.

ಅವರ ತಾಯಿ ಗುರುಬಾಯಿ ಹತ್ತಿರದ ಕೊಹಿನೂರ ಎಂಬ ಹಳ್ಳಿಯವರು. ಬೀಸುಕಲ್ಲಿನ ಮುಂದೆ ಕೂತರೆ ಬೆಳಗಾಗುವವರೆಗೆ ಹಾಡಿದ ಹಾಡು ಮತ್ತೆ ಹಾಡದಷ್ಟು ಪದಗಳು ಅವರ ಬಾಯಲ್ಲಿದ್ದವಂತೆ. ಮಾಸ್ತರರು ಎರಡು ವರ್ಷ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, ಎರಡೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಅವನ್ನೆಲ್ಲ ಟೈಪ್ ಮಾಡಿದ್ದರು. ಎಲ್ಲ ಮುಗಿದ ಮೇಲೆ ಒಮ್ಮೆಲೇ ಪುಸ್ತಕ ಮಾಡೋಣ ಎಂದು ಒಂದು ಹಾಳೆಯನ್ನೂ ಪ್ರಿಂಟ್ ತೆಗೆದಿರಲಿಲ್ಲ. ಅಷ್ಟರಲ್ಲಿ ಅತ್ತೆಗೆ ಲಕ್ವ ಹೊಡೆದು ಮಾತು ಹೋಯಿತು. ಆಮೇಲೆ ಮಾಸ್ತರರೇ ಹೋದರು.

ನಾನು ಅವರ ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು ದಾಟಿತ್ತು. ಊರಲ್ಲಿ ಲೋಡ್ ಶೆಡ್ಡಿಂಗ್, ಕರೆಂಟ್ ನಾಲ್ಕಕ್ಕೆ ಬರುವುದು. ಬಿಚ್ಚಿ ನೋಡಲು ಕರೆಂಟ್ ಬೇಕಿಲ್ಲವಲ್ಲ ಎಂದು ಕೆಲಸಕ್ಕೆ ಕೂತೆ. ಗೋಡೆಯ ಮೇಲೆ ಹಾರ ಹಾಕಿದ ಮಾಸ್ತರರ ಫೋಟೋ, ಅದರ ಕೆಳಗೆ ಕಂಪ್ಯೂಟರ್. ಪಕ್ಕದ ಮಂಚದ ಮೇಲೆ ಗುರುಬಾಯಿ ಗೋಡೆಗೆ ಆತು ಕೂತಿದ್ದರು. ಮೊದಲು ಗೋಡೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಟ್ಟೆ. ಪೆಟ್ಟಿಗೆಯ ಮೇಲ್ಗಡೆ ಏನೋ ಅಂಟಂಟಾಗಿತ್ತು. ಸ್ಕ್ರೂ ತೆಗೆದು, ಒಳಗೆ ಕರೆಂಟ್ ಹಂಚುವ ಪವರ್ ಸಪ್ಲೈ ಡಬ್ಬಿಯನ್ನು ಹೊರಗೆ ತೆಗೆದು ಬಿಚ್ಚಿದೆ. ಒಳಗೆ ಸುಟ್ಟು ಕರಕಲಾದ ಇರುವೆಗಳು, ಹಿಡಿಗಟ್ಟಲೆ. ಕೆಳಗೆ ಬೆಲ್ಲ ಹೆಪ್ಪುಗಟ್ಟಿತ್ತು.

"ಅಮಾಸಿಗೊಮ್ಮಿ ಅವ್ರಿಗಿ ಎಡಿ ಹಿಡೀತೀವ್ರಿ," ಎಂದರು ಶಾಂತಾಬಾಯಿ. "ಅವ್ರು ಯಾವಾಗ್ಲೂ ಅದರ ಮುಂದೇ ಕೂಡ್ತಿದ್ರು. ಅದಕ ಹೋಳಿಗಿ, ಬೆಲ್ಲದ ಹಾಲು ಅದರ ಮ್ಯಾಲೇ ಇಡ್ತಿದ್ದೆ. ಹ್ವಾದ ಅಮಾಸಿಗಿ ಹಾಲು ಜರಾ ಚೆಲ್ಲಿತ್ತು."

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ಮಷಿನಿಗಿ ಊಟ ಮಾಡಿಸಿದ್ರ ಹೊಟ್ಟಿ ಕೆಡದೆ ಇರ್ತದೇನ್ರಿ ಅಕ್ಕಾ?" ಎಂದೆ.

ಅವರು ನಗಲಿಲ್ಲ. "ಹಂಗಾರ ಅವ್ವನ ಹಾಡು ನಾನೇ ಹಾಳ ಮಾಡ್ದೆನೇನ್ರಿ?" ಎಂದು ಕೇಳಿದರು. ನಾನಾಡಿದ ಮಾತಿಗೆ ನನಗೇ ನಾಚಿಕೆಯಾಯಿತು. ಡಬ್ಬಿ ಬದಲಿಸಿದರೆ ಸರಿಹೋದೀತು ಎಂದು ಸಮಾಧಾನ ಹೇಳಿದೆ. ಹಾಡುಗಳಿರುವ ಹಾರ್ಡ್ ಡಿಸ್ಕಿನ ಮೇಲೂ ಸುಟ್ಟ ಕಲೆ ಕಂಡಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ.

ನಂತರ ಆದದ್ದನ್ನು ಆದಂತೆಯೇ ಹೇಳುತ್ತೇನೆ. ಡಬ್ಬಿ ನನ್ನ ತೊಡೆಯ ಮೇಲಿತ್ತು. ಮಾನಿಟರಿನ ವೈರು ನೆಲದ ಮೇಲೆ, ನನ್ನ ಕಾಲ ಹತ್ತಿರ ಬಿದ್ದಿತ್ತು. ಮಾನಿಟರು ಬೆಳಗಿತು.

ಮೊದಲು ಕರೆಂಟ್ ಬಂತು ಎಂದುಕೊಂಡೆ. ತಲೆಯ ಮೇಲಿನ ಫ್ಯಾನ್ ನೋಡಿದೆ, ನಿಂತೇ ಇತ್ತು. ಬಂದಿದ್ದರೂ ಏನು, ವೈರು ನೆಲದ ಮೇಲಿದೆಯಲ್ಲ! ಪರದೆಯ ಮೇಲೆ ಕನ್ನಡದ ಹಾಡಿನ ಸಾಲುಗಳು ಮೂಡಿದ್ದವು. ಕೈ ಚಾಚಲೂ ನನಗೆ ಧೈರ್ಯವಾಗಲಿಲ್ಲ.

ಶಾಂತಾಬಾಯಿ ಹೌಹಾರಲಿಲ್ಲ, ಏನೂ ಕೇಳಲೂ ಇಲ್ಲ. ಪಕ್ಕದ ಗೋಡೆಯ ಗೂಡಿನಲ್ಲಿದ್ದ ನೋಟ್‌ಬುಕ್ಕು ಎಳೆದುಕೊಂಡು ಕುರ್ಚಿಯ ಮೇಲೆ ಕೂತು ಬರೆಯತೊಡಗಿದರು. ಒಂದು ಪುಟದ ಕೊನೆಯ ಸಾಲು ಬರೆದು ಮುಗಿಸಿದ ಕೂಡಲೇ ಪರದೆಯ ಮೇಲಿನ ಪುಟ ತಾನಾಗಿ ಸರಿಯಿತು. ಕೀಬೋರ್ಡನ್ನು ಯಾರೂ ಮುಟ್ಟಿರಲಿಲ್ಲ. ಒಂದು ಕಡೆ ಅವರ ಪೆನ್ನಿನ ಇಂಕು ನಿಂತು, ಗೂಡಿನಲ್ಲಿ ಕೈಯಾಡಿಸಿ ಬೇರೆ ಪೆನ್ನು ತೆಗೆಯುವವರೆಗೂ ಆ ಪುಟ ಅಲ್ಲಾಡದೆ ಕಾದಿತ್ತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬರೆಯುತ್ತ ಬರೆಯುತ್ತ ಅವರು ಸಣ್ಣ ದನಿಯಲ್ಲಿ ಓದಿಕೊಳ್ಳುತ್ತಿದ್ದರು. ಮಂಚದ ಕಡೆ ತಿರುಗಿ ನೋಡಿದೆ. ಗುರುಬಾಯಿಯವರ ಸ್ವಾಧೀನವಿದ್ದ ಒಂದು ಕೈ ಕೌದಿಯ ಮೇಲೆ ಗುಂಡಗೆ ತಿರುಗುತ್ತಿತ್ತು, ಬೀಸುಕಲ್ಲಿನ ಗೂಟ ಹಿಡಿದವರ ಕೈಯಂತೆ. ಅವರು ನೋಡುತ್ತಿದ್ದುದು ಮಗಳನ್ನಲ್ಲ, ಕಂಪ್ಯೂಟರನ್ನೂ ಅಲ್ಲ. ಮಗಳ ಕುರ್ಚಿಯ ಹಿಂದಿನ ಖಾಲಿ ಜಾಗವನ್ನು ನೋಡಿ ಆಗಾಗ ತಲೆದೂಗುತ್ತಿದ್ದರು. ನಾನು ಆ ಕಡೆ ಮತ್ತೆ ನೋಡಲಿಲ್ಲ.

ನಾಲ್ಕಕ್ಕೆ ಕರೆಂಟ್ ಬಂತು. ಫ್ಯಾನ್ ತಿರುಗಿತು. ಅದೇ ಕ್ಷಣ ಮಾನಿಟರು ಕಪ್ಪಾಯಿತು, ಒಂದು ಹಾಡು ಅರ್ಧಕ್ಕೇ ಉಳಿಯಿತು. ಸುಮ್ಮನೆ ಕೂರಲಾಗದೆ ನಾನೇ ಮಾತು ತೆಗೆದು, "ಒಳಗ ಜರಾ ಕರೆಂಟ್ ಉಳಿದಿತ್ರಿ ಅಕ್ಕಾ, ಒಮ್ಮೊಮ್ಮೆ ಹಿಂಗ ಆಗ್ತದ," ಎಂದೆ. ನನ್ನ ಕಸುಬಿನಲ್ಲಿ ಅಂಥ ಹಸಿ ಸುಳ್ಳು ನಾನು ಹೇಳಿದ್ದು ಅದೊಂದೇ ಸಲ. ಗಂಡ ಸತ್ತ ಹೆಂಗಸು, ಈ ಮನೆಯಲ್ಲಿ ಮಾತು ಬಾರದ ತಾಯಿಯ ಜೊತೆ ಬಾಳಬೇಕು, ಹೆದರಿಸುವುದು ಬೇಡ ಎನಿಸಿತ್ತು. ಅವರು "ಹೌದ್ರಿ" ಎಂದು ನೋಟ್‌ಬುಕ್ಕು ಮುಚ್ಚಿ ಚಹಾ ಮಾಡಲು ಹೋದರು.

ಎರಡು ದಿನ ಬಿಟ್ಟು ಹೊಸ ಡಬ್ಬಿ ತಂದು ಕೂರಿಸಿದೆ. ಕಂಪ್ಯೂಟರ್ ಚಾಲೂ ಆಯಿತು, ಹಾರ್ಡ್ ಡಿಸ್ಕ್ ಮಾತ್ರ ಏಳಲಿಲ್ಲ. ಹೈದರಾಬಾದಿಗೆ ಒಯ್ದು ತೋರಿಸಿದೆ. ಡಬ್ಬಿ ಸುಟ್ಟಾಗಲೇ ಇದೂ ಪೂರಾ ಸುಟ್ಟಿದೆ, ಆಮೇಲೆ ಇದು ತಿರುಗಿರುವ ಮಾತೇ ಇಲ್ಲ ಎಂದು ಅಲ್ಲಿಯವರು ಹೇಳಿದರು. ಅಂದರೆ ಗುರುಬಾಯಿಯವರ ಹಾಡುಗಳಲ್ಲಿ ಉಳಿದದ್ದು ಆ ಮಧ್ಯಾಹ್ನ ನೋಟ್‌ಬುಕ್ಕಿಗೆ ಇಳಿದಷ್ಟೇ.

ಕೆಲವು ವರ್ಷಗಳ ಮೇಲೆ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಶಾಂತಾಬಾಯಿ ಸಿಕ್ಕರು. ತಾಯಿ ತೀರಿಕೊಂಡರೆಂದೂ, ಹತ್ತಿರದ ಮೋರಖಂಡಿ ಊರಿನ ಹೆಣ್ಣುಮಕ್ಕಳಿಗೆ ಆ ಹಾಡುಗಳನ್ನು ಕಲಿಸುತ್ತಿದ್ದೇನೆಂದೂ ಹೇಳಿದರು. ನನಗೆ ಒಳಗೇ ಚುಚ್ಚುತ್ತಿತ್ತು. "ಅಕ್ಕಾ, ಅವತ್ತ ನಾ ಒಂದ್ ಸುಳ್ಳು ಹೇಳಿದ್ದೆ," ಎಂದು ಶುರು ಮಾಡಿದೆ.

ಅವರು ಮಧ್ಯದಲ್ಲೇ ತಡೆದರು. "ವೈರು ನೆಲದ ಮ್ಯಾಲ ಇದ್ದದ್ದು ನಾನೂ ನೋಡೀನ್ರಿ ಅಣ್ಣಾ. ಮಾತಾಡಿಸಿದ್ರ ಅವ್ರು ಹೋಗಿಬಿಡ್ತಾರಂತ ಸುಮ್ಮ ಬರಕೋತ ಕುಂತೆ. ಒಮ್ಮೆ ಹಿಂದ ತಿರುಗಿ ನೋಡಬೇಕಂತ ಭಾಳ ಅನಸ್ತು. ಅವ್ವನ ಹಾಡು ಉಳೀಲಿ ಅಂತ ನೋಡಲಿಲ್ಲ."

ಬಸವಕಲ್ಯಾಣದ ಬಸ್ಸು ಬಂತು, ಅವರು ಹತ್ತಿಹೋದರು.