ಜೆ.ಪಿ. ನಗರದಲ್ಲಿ ಒಂಬತ್ತು ತಟ್ಟೆಯ ಕೊನೆಯ ಊಟ

ಶನಿವಾರ ಸಂಜೆ ಗದಗದಲ್ಲಿ ರೈಲು ಹತ್ತಿದಾಗ ನನ್ನ ಬಳಿ ಇದ್ದದ್ದು ಎರಡು ಸೀರೆಯ ಒಂದು ಚೀಲ, ಗುರೆಳ್ಳು ಚಟ್ನಿಪುಡಿಯ ಒಂದು ಡಬ್ಬಿ, ಅಷ್ಟೇ. ಊರಲ್ಲಿ ನನ್ನದೊಂದು ಖಾನಾವಳಿ ಇದೆ. ಇಪ್ಪತ್ತೆರಡು ವರ್ಷದಿಂದ ನಡೆಸುತ್ತಿದ್ದೇನೆ. ಒಂದು ಊಟಕ್ಕಾಗಿ ನಾನೂರು ಕಿಲೋಮೀಟರಿಗೂ ಮೀರಿದ ದಾರಿ ಹೊರಟಿದ್ದೇನೆ ಎಂದಾಗ ಓಣಿಯ ಮಂದಿ ನಕ್ಕರು. "ಊರಿಗೆಲ್ಲಾ ಉಣಸಾಕಿ ನೀ. ನೀ ಎಲ್ಲಿಗೆ ಉಣ್ಣಾಕ ಹೊಂಟಿ?" ಎಂದು ಪಕ್ಕದ ಮನೆಯ ನೀಲವ್ವ ಕೇಳಿದಳು.

ಕರೆದದ್ದು ವಸುಧಾ. ಆರು ವರ್ಷದ ಹಿಂದೆ ಯಾವುದೋ ಮದುವೆಗೆಂದು ಗದಗಕ್ಕೆ ಬಂದವಳು ನನ್ನಲ್ಲಿ ಉಂಡು, ಚಟ್ನಿಪುಡಿ ಬೇಕೆಂದು ಅಡುಗೆಮನೆಯ ತನಕ ಬಂದಿದ್ದಳು. ಜೆ.ಪಿ. ನಗರದಲ್ಲಿ ಅವಳದು ಹನ್ನೆರಡೇ ಕುರ್ಚಿಯ ಹೋಟೆಲು. ಅಲ್ಲಿ ಮೆನು ಕಾರ್ಡ್ ಇಲ್ಲ. ಅವಳು ಅಂದು ಮಾಡಿದ್ದನ್ನು ಒಂಬತ್ತು ಸಣ್ಣ ತಟ್ಟೆಗಳಲ್ಲಿ ಒಂದಾದ ಮೇಲೊಂದು ಕೊಡುತ್ತಾಳೆ, ಬಂದವರು ಉಣ್ಣುತ್ತಾರೆ. ಅಂದಿನಿಂದ ಪ್ರತಿ ತಿಂಗಳೂ ನನ್ನ ಒಂದು ಡಬ್ಬಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿತ್ತು. ನಾನು ಮಾತ್ರ ಒಮ್ಮೆಯೂ ಹೋಗಿರಲಿಲ್ಲ.

"ಶಾಂತಕ್ಕ, ಬರೋ ಭಾನುವಾರ ಕೊನೇ ಊಟ. ಮುಚ್ತಾ ಇದ್ದೀನಿ. ನಿಮಗೊಂದು ಕುರ್ಚಿ ಇಟ್ಟಿದ್ದೀನಿ, ಇಲ್ಲ ಅನ್ನಬೇಡಿ," ಎಂದಿದ್ದಳು ಫೋನಿನಲ್ಲಿ. ಯಾಕವ್ವಾ ಎಂದರೆ, "ಓನರ್‌ಗೆ ಜಾಗ ಬೇಕಂತೆ" ಎಂದು ಮಾತು ಮುಗಿಸಿದ್ದಳು.

ಬೆಳಿಗ್ಗೆ ಆರೂವರೆಗೆ ಬೆಂಗಳೂರಿನಲ್ಲಿಳಿದೆ. ಜನವರಿಯ ಚಳಿ. ಶಾಲು ತರದೆ ಬಂದದ್ದಕ್ಕೆ ನನ್ನನ್ನೇ ಬೈದುಕೊಂಡೆ. ಆಟೊದವನು ಜೆ.ಪಿ. ನಗರಕ್ಕೆ ಮುನ್ನೂರೈವತ್ತು ಕೇಳಿದ. ಮೆಟ್ರೋಗೆ ಅದರ ಹತ್ತನೇ ಒಂದು ಪಾಲು ಸಾಕೇನೋ ಅಂದುಕೊಂಡು ಅತ್ತ ನಡೆದರೆ, ಭಾನುವಾರ ಅದು ತಡವಾಗಿ ಶುರುವಾಗುತ್ತದಂತೆ. ನಿಂತುಕೊಂಡೇ ಎರಡು ಲೋಟ ಕಾಫಿ ಕುಡಿದೆ. ಆಮೇಲೆ ಹತ್ತಿದ ಮೆಟ್ರೋ ಸ್ವಲ್ಪ ದೂರ ನೆಲದೊಳಗೆ ಓಡಿ, ಇದ್ದಕ್ಕಿದ್ದಂತೆ ಮೇಲಕ್ಕೆ ಬಂದು ಮರಗಳ ತಲೆಯ ಮಟ್ಟದಲ್ಲಿ ಹೋಯಿತು. ಜಯನಗರ, ಬನಶಂಕರಿ ದಾಟಿದ ಮೇಲೆ ನಾನಿಳಿದೆ. ಸಾರಕ್ಕಿ ಮಾರುಕಟ್ಟೆಯ ಹೂವಿನವಳು ದಾರಿ ತೋರಿಸಿದಳು.

ಅದೊಂದು ಹಳೆಯ ಒಂದಂತಸ್ತಿನ ಮನೆ. ಮುಂದೆ ಸಂಪಿಗೆ ಮರ, ಪಕ್ಕದಲ್ಲಿ ಓನರ್ ಮನೆ. ಬೋರ್ಡು ಸಹ ಇರಲಿಲ್ಲ. ಗೇಟು ತೆಗೆಯುವಾಗಲೇ ತುಪ್ಪ ಸೀಯುತ್ತಿರುವ ವಾಸನೆ ಮೂಗಿಗೆ ಬಡಿಯಿತು. ನಾನು ಚಪ್ಪಲಿ ಬಿಟ್ಟವಳೇ ಒಳಗೆ ಓಡಿದೆ. ವಸುಧಾ ಒಲೆಗೆ ಬೆನ್ನು ಮಾಡಿಕೊಂಡು ಅವರೆಕಾಳು ಹಿಸುಕುತ್ತಿದ್ದಳು. ಅವಳಿಂದ ಒಂದೇ ಮಾರು ದೂರದಲ್ಲಿ ಬೆಣ್ಣೆ ಕಾಯಿಸಲಿಟ್ಟ ಪಾತ್ರೆ ಕಪ್ಪಾಗಿ ಹೊಗೆಯಾಡುತ್ತಿತ್ತು. ನಾನು ಒಲೆ ಆರಿಸಿದೆ.

ಸದ್ದಿಗೆ ತಿರುಗಿದವಳು ನನ್ನನ್ನು ಕಂಡು ನಕ್ಕಳು. ಪಾತ್ರೆಯನ್ನು ಕಂಡ ಮೇಲೆ ನಗು ನಿಂತಿತು.

"ಸೀದೋಯ್ತಾ ಅಕ್ಕ?"

"ಗೇಟಿನ ತನಕ ವಾಸನಿ ಬರಾಕತ್ತೈತಲ್ಲ ತಂಗಿ. ನಿನಗ ಬರಲಿಲ್ಲೇನು?"

ಅವಳು ಕೈ ಒರೆಸಿಕೊಂಡು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಳು. ನಾನೂ ಪಕ್ಕಕ್ಕೆ ಕೂತೆ. ಎಂಟು ತಿಂಗಳ ಹಿಂದೆ ಜ್ವರ ಬಂದಿತ್ತಂತೆ. ಜ್ವರ ನಾಲ್ಕು ದಿನಕ್ಕೆ ಹೋಯಿತು, ಜೊತೆಗೆ ವಾಸನೆಯೂ ಹೋಯಿತು. "ಉಪ್ಪು, ಹುಳಿ, ಖಾರ ಗೊತ್ತಾಗುತ್ತೆ. ಅದರಾಚೆ ಏನೂ ಇಲ್ಲ ಅಕ್ಕ. ಕೊತ್ತಂಬರಿನೂ ಒಂದೇ, ಹುಲ್ಲೂ ಒಂದೇ. ನಿಮ್ಮ ಡಬ್ಬಿ ತೆಗೆದಾಗ್ಲೆಲ್ಲ ಅತ್ತಿದ್ದೀನಿ."

"ಮತ್ತ ಇಷ್ಟು ದಿನ ಹೆಂಗ ನಡಸಿದಿ?"

"ಗೌರಮ್ಮ ನಡೆಸಿದ್ರು," ಎಂದಳು.

ಗೌರಮ್ಮ ಅಂದರೆ ಮನೆ ಓನರ್. ಎಪ್ಪತ್ತರ ಆಸುಪಾಸಿನ ಹೆಂಗಸು. ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ ಸೊಸೆಯಾಗಿ ಬಂದವರು. ಈ ಮನೆ ಇರುವ ಜಾಗದಲ್ಲೇ ರಾಗಿ ಕೊಯ್ದವರು. ವಸುಧಾಳ ಸ್ಥಿತಿ ಗೊತ್ತಾದ ದಿನದಿಂದ ಅಡುಗೆಮನೆಗೆ ಬಂದು ಪ್ರತಿಯೊಂದನ್ನೂ ರುಚಿ ನೋಡಿ ಹೇಳುತ್ತಿದ್ದವರು ಅವರೇ. ಅಂದು ದೇವಸ್ಥಾನಕ್ಕೆ ಹೋಗಿದ್ದರಿಂದ ತುಪ್ಪ ಸೀದಿತ್ತು. ಹೋಟೆಲು ಮುಚ್ಚುವ ತೀರ್ಮಾನ ವಸುಧಾಳದೇ. ಬೇರೆಯವರ ನಾಲಿಗೆಯಿಂದ ಎಷ್ಟು ದಿನ ಅಡುಗೆ ಮಾಡಲಿ ಎಂದು ಅವಳಿಗೆ ಅನ್ನಿಸಿತ್ತು. ಗಿರಾಕಿಗಳಿಗೆ ಹೇಳಲು ಮಾತ್ರ ಬಾಯಿ ಬಂದಿರಲಿಲ್ಲ. "ಓನರ್ ಬಿಡಿಸ್ತಾವ್ಳೆ ಅಂತ ಹೇಳ್ಬುಡು, ನಂಗೇನಾಯ್ತದೆ?" ಎಂದು ಗೌರಮ್ಮನೇ ದಾರಿ ತೋರಿಸಿದ್ದರಂತೆ.

ಅಷ್ಟರಲ್ಲಿ ಗೌರಮ್ಮ ಕುಂಕುಮ ಹಚ್ಚಿಕೊಂಡು ಬಂದರು. ನನ್ನ ಡಬ್ಬಿಯ ಮುಚ್ಚಳ ತೆಗೆದು, "ಹುಚ್ಚೆಳ್ಳು ಕಣಮ್ಮ ಇದು! ನಮ್ಮ ರಾಗಿ ಹೊಲದ ಅಂಚಿಗೆಲ್ಲ ಹಾಕ್ತಿದ್ವಿ," ಎಂದರು. ನಮ್ಮ ಗುರೆಳ್ಳಿಗೆ ಈ ಸೀಮೆಯಲ್ಲಿ ಹುಚ್ಚೆಳ್ಳು ಎನ್ನುತ್ತಾರೆಂದು ನನಗೆ ತಿಳಿದದ್ದು ಆಗಲೇ.

ಹನ್ನೆರಡೂವರೆಗೆ ಜನ ಬಂದರು. ಒಂದೇ ಉದ್ದನೆಯ ಮೇಜು, ಎದುರು ಬದರು ಆರಾರು ಕುರ್ಚಿ. ನನ್ನ ಎದುರಿಗೆ ಗಿರಿನಗರದಿಂದ ಬಂದ ವಯಸ್ಸಾದ ಗಂಡ ಹೆಂಡತಿ, ಪ್ರತಿ ವರ್ಷ ತಮ್ಮ ಮದುವೆಯ ದಿನ ತಪ್ಪದೆ ಇಲ್ಲಿಗೆ ಬರುವವರಂತೆ. ಪಕ್ಕದಲ್ಲಿ ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡಿರುವ ವಿಜಯಪುರದವನೊಬ್ಬ. ನನ್ನ ಮಾತು ಕೇಳಿ, "ಅಕ್ಕಾರ, ನಮ್ಮ ಕಡೆಯವರು!" ಎಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ.

ಮೊದಲ ತಟ್ಟೆ ನೋಡಿ ನನಗೆ ಗಾಬರಿಯಾಯಿತು. ನುಗ್ಗೆಸೊಪ್ಪಿನ ಒಂದು ವಡೆ, ಹಳೆಯ ರೂಪಾಯಿಯಷ್ಟು. ನಮ್ಮ ಖಾನಾವಳಿಯಲ್ಲಿ ಇಷ್ಟು ಬಡಿಸಿದರೆ ಎದ್ದು ಹೋಗುತ್ತಾರೆ. ಆದರೆ ಬಾಯಿಗಿಟ್ಟ ಮೇಲೆ ಅವಸರ ಬಿಟ್ಟುಹೋಯಿತು. ಒಂದೇ ತುತ್ತು ಇದೆ ಎಂದಾಗ ಮನುಷ್ಯ ನಿಧಾನವಾಗಿ ಅಗಿಯುತ್ತಾನೆ. ಹಿತಕಿದ ಅವರೆಬೇಳೆಯ ಸಾರು ಬಂತು, ಕುಡಿಯಲು ಅಂಗೈಯಲ್ಲಿ ಅಡಗುವಷ್ಟು ಬಟ್ಟಲು. ಐದನೆಯದು ಅಂಗೈಯಗಲದ ಜೋಳದ ರೊಟ್ಟಿ, ಬೆಣ್ಣೆ, ಮೇಲೆ ನನ್ನ ಚಟ್ನಿಪುಡಿ. ಇಷ್ಟು ವರ್ಷ ನಾನು ಬಡಿಸಿದ್ದೇ ಹೆಚ್ಚು. ಕೂತು, ಯಾರೋ ತಂದುಕೊಟ್ಟ ನನ್ನದೇ ಚಟ್ನಿಯನ್ನು ತಿಂದದ್ದು ಅದೇ ಮೊದಲು. ಚೆನ್ನಾಗಿತ್ತು. ಅದನ್ನು ಹೇಳಲೆಂದೇ ಎದ್ದು ಅಡುಗೆಮನೆಗೆ ಹೋದೆ.

ಅಲ್ಲಿ ಗೌರಮ್ಮ ಬರಿಗಾಲಲ್ಲಿ ನಿಂತು ಚಮಚದಿಂದ ಬಸ್ಸಾರು ನೋಡುತ್ತಿದ್ದರು. ಹಾಗೇ ಕೇಳಿದೆ, "ನೀವು ಒಮ್ಮಿನೂ ಅಲ್ಲಿ ಕುಂತು ಉಂಡೀರಿಲ್ಲೋ?"

"ಅಯ್ಯೋ, ನಾನ್ಯಾಕಮ್ಮ? ಒಂದೊಂದ್ ಚಮಚದಲ್ಲೇ ಹೊಟ್ಟೆ ತುಂಬೋಯ್ತದೆ."

ವಸುಧಾ ತಲೆ ತಗ್ಗಿಸಿದಳು. ಕರೆದರೂ ಬರಲಿಲ್ಲ ಎಂದಳು. ನಾನು ಚಮಚವನ್ನು ಅವರ ಕೈಯಿಂದ ತೆಗೆದುಕೊಂಡೆ. "ಉಳಿದ ನಾಕು ತಾಟಿಗೆ ನನ್ನ ಕುರ್ಚಿ ನಿಮ್ಮದು. ಇಲ್ಲಿ ರುಚಿ ನಾ ನೋಡತೇನಿ. ಇಪ್ಪತ್ತೆರಡು ವರ್ಷ ಅದನ್ನ ಮಾಡೇನಿ, ಹೆದರಬ್ಯಾಡ್ರಿ." ಅವರು ಬೇಡ ಬೇಡ ಎನ್ನುತ್ತಲೇ ಸೆರಗು ಸರಿಮಾಡಿಕೊಂಡರು. ನಾನೇ ಕೈಹಿಡಿದು ಕರೆದೊಯ್ದು ಕೂರಿಸಿ ಬಂದೆ.

ಬಸ್ಸಾರಿನಲ್ಲಿ ಜೀರಿಗೆ ಇನ್ನೂ ಹಸಿ ಹಸಿಯಾಗಿತ್ತು. ಇನ್ನೊಂದು ಕುದಿ ಬರಲಿ ಎಂದೆ. ವಸುಧಾ ನನ್ನ ಮುಖವನ್ನೇ ನೋಡುತ್ತ ಉರಿ ಏರಿಸಿದಳು. "ಈಗ?" ಎಂದಳು. ಇನ್ನೂ ಸ್ವಲ್ಪ. "ಈಗ?" ಆತು, ಇಳಿಸು. ನಿಂಬೆಯಷ್ಟು ಮುದ್ದೆಯ ಜೊತೆ ಅದು ಹೊರಗೆ ಹೋಯಿತು. ಹೀಗೆ ಎಂಟನೆಯ ತಟ್ಟೆಯವರೆಗೂ ನಡೆಯಿತು.

ಗಸಗಸೆ ಪಾಯಸ ಬಟ್ಟಲಿಗೆ ಹಾಕುತ್ತಿದ್ದಾಗ ಹೊರಗಿನಿಂದ ಆ ವಯಸ್ಸಾದ ಯಜಮಾನರ ದನಿ ಕೇಳಿತು. "ಓ, ನೀವೇನಾ ಓನರ್ರು? ಇನ್ನೊಂದ್ ವರ್ಷ ಬಿಟ್ಟಿದ್ರೆ ಏನು ಹೋಗ್ತಿತ್ತಮ್ಮ ನಿಮಗೆ? ಆ ಹುಡುಗಿ ಎಷ್ಟು ಚೆನ್ನಾಗಿ ನಡೆಸ್ತಿದ್ಲು."

ಇನ್ಯಾರೋ ಹೌದು ಎಂದರು. ಬಾಗಿಲ ಸಂದಿಯಿಂದ ನೋಡಿದೆ. ಗೌರಮ್ಮ ತಟ್ಟೆಯನ್ನು ನೋಡುತ್ತ ಕೂತಿದ್ದರು. "ಏನೋ, ಮನೆ ತಾಪತ್ರಯ ಸಾಮಿ," ಎಂದರು ಮೆಲ್ಲಗೆ.

ವಸುಧಾ ಸೌಟನ್ನು ಕೆಳಗಿಟ್ಟಳು. ಏಪ್ರನ್ ಕೂಡ ಬಿಚ್ಚದೆ ಹೊರಗೆ ಹೋಗಿ ಗೌರಮ್ಮನ ಕುರ್ಚಿಯ ಹಿಂದೆ ನಿಂತಳು.

"ಅಂಕಲ್, ಅವರನ್ನ ಏನೂ ಅನ್ನಬೇಡಿ. ನಾನು ಸುಳ್ಳು ಹೇಳಿದ್ದು. ಅವರು ಬಿಡು ಅಂದಿಲ್ಲ, ಬಿಡಬೇಡ ಅಂದವರು. ನಂಗೆ ಎಂಟು ತಿಂಗಳಿಂದ ವಾಸನೆ ಗೊತ್ತಾಗ್ತಿಲ್ಲ. ಅಷ್ಟು ದಿನದಿಂದ ನೀವೆಲ್ಲ ಹೊಗಳ್ತಾ ಇರೋ ಊಟ ಇವರ ನಾಲಿಗೇದು."

ಗೌರಮ್ಮನಿಗೆ ಸಿಟ್ಟು ಬಂತು. "ಸುಮ್ನಿರಮ್ಮ. ಇಂಗು ಸಾಕು, ಬೆಲ್ಲ ಸಾಕು ಅಂದೆ, ಅಷ್ಟೇಯ. ಬೇಯಿಸ್ದೋಳು ನೀನು."

ಗಿರಿನಗರದ ಆಕೆ ಎದ್ದು ಮೇಜು ಸುತ್ತಿ ಬಂದು ವಸುಧಾಳನ್ನು ಅಪ್ಪಿಕೊಂಡರು. ಅವರ ಯಜಮಾನರು ಕನ್ನಡಕ ತೆಗೆದು ಒರೆಸಿ, ಗೌರಮ್ಮನತ್ತ ಕೈಮುಗಿದು, "ತಪ್ಪಾಯ್ತು ತಾಯಿ," ಎಂದರು. ವಿಜಯಪುರದ ಹುಡುಗ ಒಳಗೆ ಬಂದು, ಯಾರೂ ಹೇಳದಿದ್ದರೂ, ಪಾಯಸದ ಬಟ್ಟಲುಗಳನ್ನು ಒಂದೊಂದಾಗಿ ಮೇಜಿಗೆ ಒಯ್ದಿಟ್ಟ. ಆ ಮಧ್ಯಾಹ್ನ ಮೂರು ಗಂಟೆಗೆ ಮುಗಿಯಬೇಕಿದ್ದ ಊಟ ನಾಲ್ಕೂವರೆಯಾದರೂ ಮುಗಿಯಲಿಲ್ಲ. ಗೌರಮ್ಮ ಹೊಲದ ಕಥೆ ಹೇಳಿದರು. ಈ ಮೇಜಿನ ಜಾಗದಲ್ಲಿ ಕಣ ಇತ್ತಂತೆ.

ಎಲ್ಲರೂ ಹೋದ ಮೇಲೆ ನಾವು ಮೂವರು ಪಾತ್ರೆ ತೊಳೆದೆವು. "ಮುಂದ?" ಎಂದು ಕೇಳಿದೆ. ವಾಸನೆ ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದಿದ್ದಾರಂತೆ ಡಾಕ್ಟರು. ಅಲ್ಲಿಯವರೆಗೆ ಅಡುಗೆ ಕಲಿಸುವ ಕೆಲಸವೊಂದು ಸಿಕ್ಕಿದೆಯಂತೆ. "ಅಲ್ಲಿ ಮೂಗು ಮಕ್ಕಳದ್ದು, ಬಾಯಿ ನಂದು," ಎಂದು ನಕ್ಕಳು. ಹೊರಡುವಾಗ ಗೌರಮ್ಮ ಒಂದು ಸೇರು ಹಸಿ ಅವರೆಕಾಯಿ ನನ್ನ ಚೀಲಕ್ಕೆ ಸುರಿದರು. "ಮತ್ತೆ ಬಾರಮ್ಮ. ಹೋಟ್ಲು ಇಲ್ದಿದ್ರೇನು, ಮನೆ ಐತಲ್ಲ," ಎಂದರು.

ಬಿಡಲು ವಸುಧಾ ಜೊತೆಗೆ ಬಂದಳು. ಮಾರುಕಟ್ಟೆಯ ಹತ್ತಿರ ಹೋಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಇದ್ದಕ್ಕಿದ್ದಂತೆ ಅವಳು ಕೇಳಿದಳು, "ಶಾಂತಕ್ಕ, ಈಗ ಇಲ್ಲಿ ಏನು ವಾಸನೆ?"

"ಮಲ್ಲಿಗಿ," ಎಂದೆ. "ಅದರ ಹಿಂದ ಬಾಳಿ ಎಲಿ, ಕೊಳೆತದ್ದು."

ನಾಲ್ಕು ಹೆಜ್ಜೆ ನಡೆದು ಮತ್ತೆ ಕೇಳಿದಳು. "ಈಗ?"

"ಶೇಂಗಾ ಹುರಿಯಾಕತ್ತಾರ. ಉಸುಕು ಕಾದೈತಿ."

"ಈಗ?"

"ಬಸ್ಸಿನ ಹೊಗಿ, ಯವ್ವಾ!"

ಹೀಗೆ ಹೇಳುತ್ತ ಹೇಳುತ್ತ ರಸ್ತೆ ದಾಟಿ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿದೆವು. ಮೇಲೆ ಟಿಕೆಟ್ ಕೌಂಟರಿನ ಮುಂದೆ ದೊಡ್ಡ ಜಾಗ. ಆಗಷ್ಟೇ ಒರೆಸಿದ ಕಲ್ಲಿನ ನೆಲ. ಅವಳು ನಿಂತಳು. "ಇಲ್ಲಿ?"

ನಾನು ಮೂಗು ಎತ್ತಿ ಉಸಿರೆಳೆದೆ. ಮತ್ತೊಮ್ಮೆ ಎಳೆದೆ. "ಇಲ್ಲಿ ಏನೂ ಇಲ್ಲ ನೋಡ ತಂಗಿ. ಖರೇನ ಏನೂ ಇಲ್ಲ."

"ಹಂಗಾದ್ರೆ ಇಲ್ಲಿ ನಾವಿಬ್ರೂ ಒಂದೇ," ಎಂದು ಅವಳು ಗಟ್ಟಿಯಾಗಿ ನಕ್ಕಳು. ಟಿಕೆಟ್ ಕೊಡುವವನು ತಲೆ ಎತ್ತಿ ನೋಡಿದ. ಗೇಟು ದಾಟಿ ಎಸ್ಕಲೇಟರ್ ಹತ್ತಿ ತಿರುಗಿದಾಗಲೂ ಅವಳು ಅಲ್ಲೇ ನಿಂತಿದ್ದಳು, ಆ ನಗು ಇನ್ನೂ ಮುಖದ ಮೇಲಿತ್ತು.