ಹೊಟ್ಟೆ ಮೇಲೆ ಇಳಿದ ವಿಮಾನ

ಮರೆತೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ. ನನ್ನ ಹತ್ತಿರ ವಿಮಾನ ಹಾರಿಸಲು ಕಲಿತವರನ್ನು ಕೇಳಿ ನೋಡಿ. ‘ಸಾರಿ ಮೇಡಂ, ಮರೆತೆ’ ಎಂದವರನ್ನು ಕೆಳಗಿಳಿಸಿ, ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ವಿಮಾನದ ಸುತ್ತ ಹತ್ತು ಸಲ ನಡೆಸಿದ್ದೇನೆ. ಸೇಡಂ ರಸ್ತೆಯಾಚೆಯ ಆ ರನ್‌ವೇಯಲ್ಲಿ ನನ್ನ ಸಿಟ್ಟಿಗೆ ದೊಡ್ಡ ಹೆಸರಿತ್ತು. ಆ ಸಿಟ್ಟು ಇನ್ನೂ ಇದೆ, ಈಗ ಅದು ಬಹುಪಾಲು ನನ್ನ ಮೇಲೆಯೇ.

ನಾನು ಕಲಿಸುವ ಶಾಲೆಯ ವಿಮಾನಗಳ ಚಕ್ರಗಳು ಮಡಚುವುದಿಲ್ಲ. ಆಟೋರಿಕ್ಷಾದ ಚಕ್ರಗಳ ಹಾಗೆ ಯಾವಾಗಲೂ ಕೆಳಗೇ ಇರುತ್ತವೆ. ಆದರೂ ಇಳಿಯುವ ಮುಂಚೆ ‘ಚಕ್ರ ಕೆಳಗಿದೆ’ ಎಂದು ಬಾಯಿ ಬಿಟ್ಟು ಹೇಳಿಸುತ್ತೇವೆ. ಮುಂದೆ ದೊಡ್ಡ ವಿಮಾನಕ್ಕೆ ಹೋದಾಗ ರೂಢಿ ಇರಲಿ ಎಂದು. ದಿನಕ್ಕೆ ಎಷ್ಟೋ ಸಲ ನಾನೂ ಹೇಳುತ್ತೇನೆ. ಕೈಯಿಡಲು ಅಲ್ಲಿ ಚಕ್ರ ಇಳಿಸುವ ಲಿವರ್ ಇಲ್ಲ, ನೋಡಲು ದೀಪ ಇಲ್ಲ. ಬಾಯಿ ಹೇಳಿತು, ಅಲ್ಲಿಗೆ ಮುಗಿಯಿತು.

ಹೀಗೆ ಬಾಯಲ್ಲಷ್ಟೇ ಹೇಳುವುದನ್ನು ಕಂಡರೆ ನಮ್ಮಪ್ಪನಿಗೆ ಆಗುತ್ತಿರಲಿಲ್ಲ. ಅವರು ಬ್ರಹ್ಮಪುರದ ಒಂದು ಗುಡಿಯ ಅರ್ಚಕರು. ಅಣ್ಣನಿಗೆ ಮುಂಜಿಯಾದ ಹೊಸತರಲ್ಲಿ ಅವನನ್ನು ದಿನವೂ ಎದುರಿಗೆ ಕೂರಿಸಿಕೊಂಡು ಸಂಧ್ಯಾವಂದನೆ ಮಾಡಿಸುತ್ತಿದ್ದರು. ಆಚಮನದಲ್ಲಿ ದೇವರ ಒಂದೊಂದು ಹೆಸರಿಗೆ ಮೈಯ ಒಂದೊಂದು ಜಾಗ ಮುಟ್ಟಬೇಕು: ತುಟಿ, ಮೂಗು, ಕಣ್ಣು, ಕಿವಿ, ಎದೆ, ತಲೆ, ತೋಳು. ಶಾಲೆಗೆ ಹೊತ್ತಾಯಿತೆಂದು ಅಣ್ಣ ಅಷ್ಟೂ ಹೆಸರುಗಳನ್ನು ಒಂದೇ ಉಸಿರಿಗೆ ಹೇಳಿ, ಕೈಯನ್ನು ಸುಮ್ಮನೆ ಮುಖದ ಮುಂದೆ ಆಡಿಸುತ್ತಿದ್ದ.

“ಏ, ನಿನ್ನ ಬಾಯಿ ಸ್ಟೇಶನ್ ಮುಟ್ಟೇದ, ಕೈ ಇನ್ನಾ ಬ್ರಹ್ಮಪುರದಾಗೇ ಅದ!” ಎಂದು ಅಪ್ಪ ಗದರುತ್ತಿದ್ದರು. “ಹೆಸರು ಹೇಳಿದಲ್ಲೆ ಕೈ ಹೋಗಬೇಕು. ಇಲ್ಲಾಂದ್ರ ಹೇಳಲೇ ಬ್ಯಾಡ.”

ಹೆಣ್ಣುಮಗಳಾದ ನನಗೆ ಅದನ್ನು ಯಾರೂ ಕಲಿಸಲಿಲ್ಲ. ಬಾಗಿಲ ಹತ್ತಿರ ನಿಂತು ನೋಡಿ ನೋಡಿಯೇ ಕಲಿತೆ. ಅಣ್ಣನಿಗಿಂತ ಸರಿಯಾಗಿ ಮುಟ್ಟುತ್ತಿದ್ದೆ ಎಂಬ ಜಂಬವೂ ಇತ್ತು.

ನಮ್ಮ ಶಾಲೆಯ ಪಕ್ಕದ ಹ್ಯಾಂಗರಿನಲ್ಲಿ ಒಂದು ಹಳೆಯ ವಿಮಾನ ಇತ್ತು. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿದು. ಒಂದೇ ಎಂಜಿನ್, ನಾಲ್ಕು ಸೀಟು, ಮಡಚುವ ಚಕ್ರಗಳು. ಹಳೆಯ ವಿಮಾನಗಳ ಹುಚ್ಚಿದ್ದ ಒಬ್ಬ ಖಾಸಗಿ ಮಾಲೀಕರದು. ರಜೆಯ ದಿನ ಅದನ್ನು ಹಾರಿಸುವವಳು ನಾನು. ಅದನ್ನು ಜೀವಂತ ಇಟ್ಟಿದ್ದವರು ಕಮಲಾಪುರದ ಒಬ್ಬ ಇಂಜಿನಿಯರ್. ಲೈಸೆನ್ಸ್ ಇದ್ದವರು. ಅವರ ಸಹಿ ಇಲ್ಲದೆ ಆ ವಿಮಾನ ನೆಲ ಬಿಡುವಂತಿರಲಿಲ್ಲ. ಆದರೂ ಎಲ್ಲರೂ ಅವರನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ನಾನು ಕಾಕಾ ಎನ್ನುತ್ತಿದ್ದೆ. ಅವರು ನನ್ನನ್ನು ಅವ್ವಾ ಎನ್ನುತ್ತಿದ್ದರು.

ಆ ಭಾನುವಾರ ಮಾಲೀಕರಿಗೆ ಕಮಲಾಪುರದ ಬಾಳೆತೋಟಗಳ ಮೇಲೆ ನಿಧಾನವಾಗಿ ಹಾರುತ್ತ ವಿಡಿಯೋ ತೆಗೆಯಬೇಕಿತ್ತು. ಕಾಕಾ ರೆಕ್ಕೆ ಒರೆಸುತ್ತಲೇ ಹೇಳಿದರು: “ಅವ್ವಾ, ನಮ್ಮ ಮನಿ ಮ್ಯಾಲಿಂದ ಹಾಯ್ದು ಹೋಗ್ರಿ. ಮಾಳಿಗಿ ಮ್ಯಾಲ ನಿಂದರು ಅಂತ ಮನ್ಯಾಕಿಗೆ ಫೋನ್ ಹಚ್ಚೀನಿ.”

ಚಕ್ರ ಮಡಚಿಕೊಂಡೇ ವೇಗ ಇಳಿಸಿದರೆ ಆ ವಿಮಾನದಲ್ಲಿ ಒಂದು ಹಾರ್ನ್ ಕೂಗುತ್ತದೆ. ಇಳಿಯುತ್ತಿದ್ದೀಯ, ಚಕ್ರ ಬಿಡು ಎಂದು ಎಚ್ಚರಿಸುವುದೇ ಅದರ ಕೆಲಸ. ತೋಟಗಳ ಮೇಲೆ ಎಂಜಿನ್ ಸದ್ದು ಇಳಿಸಿದ ಕೂಡಲೇ ಅದು ಶುರು ಮಾಡಿತು.

“ಮೇಡಂ, ಆ ಪೀಪಿ ಬಂದ್ ಮಾಡ್ರಿ. ವಿಡಿಯೋದಾಗ ಬರೇ ಅದೇ ಕೇಳಸ್ತದ” ಎಂದರು ಪಕ್ಕದಲ್ಲಿ ಕೂತ ಮಾಲೀಕರು.

ಆಗುವುದಿಲ್ಲ ಎನ್ನಬೇಕಿತ್ತು. ಕಲಿಯುವವರು ಇದನ್ನೇ ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ಹಾರ್ನಿನ ಫ್ಯೂಸನ್ನು ಹೊರಗೆ ಎಳೆದೆ. ಕೆಳಗೆ ಒಂದು ಮಾಳಿಗೆಯ ಮೇಲೆ ಯಾರೋ ಸೆರಗು ಬೀಸಿದರು. ನಾನು ರೆಕ್ಕೆ ಅಲುಗಿಸಿ, ಖುಷಿಯಿಂದ ಕಲಬುರಗಿಯ ಕಡೆ ತಿರುಗಿಸಿದೆ.

ರನ್‌ವೇ ಎದುರಿಗೆ ಬಂದಾಗ ‘ಚಕ್ರ ಕೆಳಗಿದೆ, ಮೂರು ಹಸಿರು’ ಎಂದೆ. ಮೂರು ಚಕ್ರಗಳೂ ಇಳಿದು ಕೂತರೆ ಮೂರು ಹಸಿರು ದೀಪ ಹತ್ತಬೇಕು. ಗಟ್ಟಿಯಾಗಿ, ಸ್ಪಷ್ಟವಾಗಿ ಹೇಳಿದೆ. ಕೈ ಲಿವರಿನ ಹತ್ತಿರ ಹೋಗಲಿಲ್ಲ, ಕಣ್ಣು ದೀಪದ ಕಡೆ ಹೋಗಲಿಲ್ಲ. ಕೂಗಬೇಕಿದ್ದ ಹಾರ್ನಿನ ಬಾಯನ್ನು ನಾನೇ ಮುಚ್ಚಿದ್ದೆ.

ಮೊದಲು ಪ್ರೊಪೆಲ್ಲರ್ ನೆಲ ಕಡಿಯುವ ಸದ್ದು. ಆಮೇಲೆ ತಗಡಿನ ಬಾಗಿಲನ್ನು ಫರಸಿ ಕಲ್ಲಿನ ಮೇಲೆ ದರದರ ಎಳೆದ ಹಾಗೆ. ವಿಮಾನ ಹೊಟ್ಟೆಯ ಮೇಲೆ ಜಾರಿ ಜಾರಿ ನಿಂತಿತು. ಇಬ್ಬರಿಗೂ ಏನೂ ಆಗಿರಲಿಲ್ಲ. ಪೆಟ್ರೋಲ್ ಬಂದ್ ಮಾಡಿದೆ, ಬ್ಯಾಟರಿ ಆರಿಸಿದೆ. ಇಷ್ಟನ್ನು ಕಲಿತ ಕೈ ತಾನಾಗಿಯೇ ಮಾಡಿತು.

ಮುಂದಿನದನ್ನು ಯಾವ ಶಾಲೆಯೂ ಕಲಿಸಿರಲಿಲ್ಲ. ಕೈ ಮುಂದೆ ಹೋಯಿತು. ಚಕ್ರದ ಲಿವರನ್ನು ಕೆಳಗೆ ಒತ್ತಿತು. ಹೊರಗೆ ಎಳೆದಿದ್ದ ಫ್ಯೂಸನ್ನು ಒಳಗೆ ತಳ್ಳಿತು. ಮಾಲೀಕರು ನೋಡಿದರು.

“ಚಲೋ ಮಾಡಿದ್ರಿ” ಎಂದರು. ಹಾರ್ನ್ ಬಂದ್ ಮಾಡಿಸಿದವರು ಅವರೇ ಅಲ್ಲವೆ.

ಅಷ್ಟರಲ್ಲಿ ಓಡಿ ಬಂದ ಕಾಕಾ ರೆಕ್ಕೆ ಹತ್ತಿ ಬಾಗಿಲು ತೆಗೆದು, “ಅವ್ವಾ, ಪೆಟ್ಟು ಬಿದ್ದದೇನು?” ಎಂದು ನನ್ನ ಎರಡೂ ಕೈ ಹಿಡಿದುಕೊಂಡರು.

ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ನನ್ನ ಬಿ.ಪಿ. ನೋಡುತ್ತಿದ್ದ ಹೊತ್ತಿಗೇ ವಾಟ್ಸಾಪ್ ಗುಂಪುಗಳಲ್ಲಿ ಫೋಟೋ ಬಂದಿತ್ತು. ಹೆಂಗಸರು ಸ್ಕೂಟಿ ನಿಲ್ಲಿಸಲು ಕಾಲು ಬಿಡುತ್ತಾರೆ, ಈಕೆ ಅದನ್ನೂ ಬಿಟ್ಟಿಲ್ಲ ಎಂದು ಯಾವನೋ ಬರೆದಿದ್ದ. ಕೆಳಗೆ ಹಲ್ಲು ಕಿರಿಯುವ ಮುಖಗಳ ಸಾಲು. ಆ ಸಿಟ್ಟಿನಲ್ಲಿ ನನಗೆ ಒಂದು ನೆವ ಸಿಕ್ಕಿತು. ಈ ಮಂದಿಯ ಬಾಯಿಗೆ ನಾನೇಕೆ ತುತ್ತಾಗಬೇಕು ಎಂದುಕೊಂಡೆ. ಕೇಳಲು ಬಂದವರಿಗೆಲ್ಲ ಒಂದೇ ಮಾತು ಹೇಳಿದೆ: “ಲಿವರ್ ಒತ್ತಿದ್ದೆ. ಚಕ್ರ ಇಳಿಯಲಿಲ್ಲ.”

ಸಂಜೆ ಮಾಲೀಕರ ಫೋನ್ ಬಂತು. ಕ್ರೇನಿನಿಂದ ವಿಮಾನ ಎತ್ತಿ, ಕಾಕಾ ಬ್ಯಾಟರಿ ಹಾಕಿದ ಕೂಡಲೇ ಮೂರೂ ಚಕ್ರ ಇಳಿದವಂತೆ. “ಒಮ್ಮೆ ಇಳೀತಾವ, ಒಮ್ಮೆ ಇಳ್ಯಂಗಿಲ್ಲ. ಹಳೇ ಮಾಲು, ಭರೋಸಾ ಇಲ್ಲ. ಮಿಸ್ತ್ರಿ ನೋಡ್ಕೋಬೇಕಿತ್ತು. ಮನಿಗೆ ಹೋಗು ಅಂತ ಹೇಳೀನಿ” ಎಂದರು. ತನಿಖೆ ಮುಗಿಯುವವರೆಗೆ ಕಾಕಾ ಯಾವ ವಿಮಾನಕ್ಕೂ ಸಹಿ ಹಾಕುವಂತಿಲ್ಲ. ನನ್ನ ಲಿಖಿತ ಹೇಳಿಕೆಗೆ ತನಿಖೆಯವರು ಹದಿನೈದು ದಿನ ಕೊಟ್ಟಿದ್ದರು. ನಾನು ಹೇಳಿದ್ದನ್ನೇ ಬರೆದುಕೊಟ್ಟರೆ ಕಾಕಾ ಅವರ ಲೈಸೆನ್ಸ್ ಹೋದಂತೆಯೇ.

ಅಪ್ಪ ಗುಡಿಯಿಂದ ಬಂದು, ಕಾಲು ತೊಳೆದು, ಎಲ್ಲವನ್ನೂ ಕೇಳಿದರು. ಕೊನೆಗೆ ಅಂದದ್ದು ಇಷ್ಟೇ: “ಬಾಯಲೆ ಹೇಳಿದಿ, ಖರೆ. ಕೈ ಮುಟ್ಟಿತ್ತೋ ಇಲ್ಲೋ?”

“ಮುಟ್ಟಿತ್ತು!” ಎಂದು ಕಿರುಚಿದೆ. “ಮನ್ಯಾಗೂ ತನಿಖೆ ಏನು?”

ಸುಳ್ಳಾಗಿರಲಿಲ್ಲ. ಯಾವಾಗ ಮುಟ್ಟಿತು ಎಂದು ಅವರು ಕೇಳಲಿಲ್ಲ. ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಮುಂದಿನ ದಿನಗಳಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಸಾರು ಉಪ್ಪಾಯಿತೆಂದು ಅಮ್ಮನ ಮೇಲೆ, ದಾರಿ ಬಿಡಲಿಲ್ಲವೆಂದು ಆಟೋದವನ ಮೇಲೆ. ಹಾರಾಟವಿಲ್ಲದೆ ಶಾಲೆಯ ಆಫೀಸಿನಲ್ಲಿ ಕೂತಿರುತ್ತಿದ್ದೆ. ಹನ್ನೆರಡನೆಯ ದಿನ ಅಲ್ಲಿನ ಸಹೋದ್ಯೋಗಿಯೊಬ್ಬರು ಚಹಾ ತಂದಿಟ್ಟು ಸಮಾಧಾನ ಹೇಳಿದರು: “ಬಿಡ್ರಿ ಮೇಡಂ. ಈ ಮಿಸ್ತ್ರಿ ಮಂದೀನೇ ಇಷ್ಟು. ಎಲ್ಲಿ ಕೈ ಹಾಕ್ತಾರ ಅಲ್ಲಿ ಗಡಬಡ.”

ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಬೇಕಾದ್ದು ಯಾರ ಕೆನ್ನೆಗೆ ಎಂಬುದೂ ಗೊತ್ತಿತ್ತು. ಚಹಾ ಅಲ್ಲೇ ಬಿಟ್ಟು ಸ್ಕೂಟರ್ ತೆಗೆದು ಹುಮನಾಬಾದ್ ರಸ್ತೆ ಹಿಡಿದೆ.

ಕಮಲಾಪುರದಲ್ಲಿ ಕಾಕಾ ಮನೆಯ ಕಟ್ಟೆಯ ಮೇಲೆ ಕೂತು ಯಾರದೋ ಹೊಲದ ಔಷಧಿ ಹೊಡೆಯುವ ಪಂಪು ಬಿಚ್ಚಿಕೊಂಡಿದ್ದರು. ವಿಮಾನದ ಎಂಜಿನ್ ಬಿಚ್ಚಿದಾಗ ಮಾಡುತ್ತಿದ್ದ ಹಾಗೆಯೇ, ತೆಗೆದ ನಟ್ಟುಗಳನ್ನು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಅವರ ಹೆಂಡತಿ ನೀರಿನ ಚೊಂಬು ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ಮಾಳಿಗೆಯ ಮೇಲೆ ಸೆರಗು ಬೀಸಿದ್ದವರು ಅವರೇ.

“ಕಾಕಾ, ನಾ ಮರ್ತೆ” ಎಂದೆ.

“ಗೊತ್ತದರೀ ಮೇಡಂ.”

ಮೇಡಂ ಎಂದರು. ಬೈದಿದ್ದರೆ ಅಷ್ಟು ಸಂಕಟ ಆಗುತ್ತಿರಲಿಲ್ಲ.

“ಗಾಲಿ ಇಳಿದ್ವಲ್ರೀ, ಆವಾಗ ಬಾಳ ಖುಷಿ ಆತು ನನಗ. ನನ್ನ ಕೆಲಸ ಹುಸಿ ಹೋಗಿಲ್ಲ ಅಂತ” ಎಂದರು ಕಾಕಾ. ಕೈಯಲ್ಲಿ ಇನ್ನೂ ನಟ್ಟು ಬಿಚ್ಚುವ ಪಾನಾ ಇತ್ತು. “ಮರಿಯೋದಕ್ಕ ಯಾರು ಸಿಟ್ಟಾಗ್ತಾರ್ರೀ? ನಾನೂ ಮರೀತೀನಿ. ಆದರ ರೆಕ್ಕಿ ಹತ್ತಿ ಬರೋವಾಗ ಕಿಟಕಿ ಕಾಜಿನ್ಯಾಗಿಂದ ನೋಡೀನಿ. ವಿಮಾನ ನಿಂತ ಮ್ಯಾಲ ನಿಮ್ಮ ಕೈ ಲಿವರಿಗೆ ಹೋತು.”

ಅದನ್ನು ನೋಡಿಯೂ ನನ್ನ ಎರಡೂ ಕೈ ಹಿಡಿದು ಪೆಟ್ಟು ಬಿತ್ತೇನು ಎಂದು ಕೇಳಿದ್ದರು.

“ಮತ್ತ್ಯಾಕ ಹೇಳಲಿಲ್ಲ?” ನನ್ನ ದನಿ ಏರಿತು. ಅಲ್ಲಿಯೂ ನನಗೆ ಸಿಟ್ಟೇ ಬಂದದ್ದು.

“ನೀವು ಹೇಳ್ತೀರಿ ಅಂತ ಕುಂತಿದ್ದೆ. ಹನ್ನೆರಡು ದಿನ ಆತು.”

ಚೀಲದಿಂದ ಹಾಳೆ ತೆಗೆದು ಆ ಕಟ್ಟೆಯ ಮೇಲೆಯೇ ಬರೆದೆ. ಹಾರ್ನಿನ ಫ್ಯೂಸ್ ನಾನೇ ತೆಗೆದೆ. ಚಕ್ರ ಇಳಿಸಲು ಮರೆತೆ. ದೀಪ ನೋಡದೆಯೇ ನೋಡಿದೆನೆಂದು ಹೇಳಿದೆ. ಇಂಜಿನಿಯರರ ತಪ್ಪು ಏನೂ ಇಲ್ಲ. ಬರೆದು ಮುಗಿದಾಗ ಎದೆ ಹಗುರಾಯಿತು. ನನ್ನ ಬಗ್ಗೆ ತುಸು ಮೆಚ್ಚುಗೆಯೂ ಆಯಿತು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹಾಳೆಯನ್ನು ಅವರ ಕೈಗೆ ಕೊಟ್ಟೆ.

ಕಾಕಾ ಕೈ ಒರೆಸಿಕೊಂಡು ಕನ್ನಡಕ ಹಾಕಿದರು. ವಿಮಾನ ಬಿಡುವ ಮುಂಚೆ ತಮ್ಮ ಕಾಗದ ಓದುತ್ತಿದ್ದ ಹಾಗೆಯೇ, ಪ್ರತಿ ಸಾಲಿನ ಕೆಳಗೆ ಬೆರಳು ಇಟ್ಟು ಓದಿದರು. ಕೊನೆಯ ಸಾಲಿಗೆ ಬಂದ ಬೆರಳು ಅಲ್ಲಿಯೇ ನಿಂತಿತು.

“ನಿಂತ ಮ್ಯಾಲ ಲಿವರ್ ಒತ್ತಿದ್ದು ಇದರಾಗ ಇಲ್ರೀ.”

ಇರಲಿಲ್ಲ. ಅವರೆದುರಿಗೆ, ಅವರ ಮನೆಯ ಕಟ್ಟೆಯ ಮೇಲೆ ಕೂತು, ಅದನ್ನು ಬಿಟ್ಟು ಬರೆದಿದ್ದೆ. ಇದನ್ನಂತೂ ಮರೆತೆ ಎನ್ನುವಂತಿರಲಿಲ್ಲ.

ಹಾಳೆ ವಾಪಸು ತೆಗೆದುಕೊಂಡು ಆ ಸಾಲನ್ನು ಸೇರಿಸಿದೆ. ಅವರು ಮತ್ತೆ ಮೊದಲಿನಿಂದ ಬೆರಳಿಟ್ಟು ಓದಿ, “ಈಗ ಸಹಿ ಮಾಡ್ರಿ” ಎಂದರು.

ಅವರಿಗೆ ಸಹಿ ಹಾಕುವ ಅಧಿಕಾರ ವಾಪಸು ಬಂತು. ಆ ಮಾಲೀಕರನ್ನು ಬಿಟ್ಟು ನಮ್ಮ ಶಾಲೆಗೇ ಸೇರಿದ್ದಾರೆ. ಮೇಲಿನವರು ನನ್ನನ್ನು ಬಹಳ ದಿನ ಹಾರಲು ಬಿಡಲಿಲ್ಲ, ಈಗ ಬಿಟ್ಟಿದ್ದಾರೆ. ನಾನು ಹಾರಿಸುವ ವಿಮಾನದ ಕಾಗದಕ್ಕೆ ದಿನವೂ ಕಾಕಾ ಅವರೇ ಸಹಿ ಹಾಕಿ ನನ್ನ ಕೈಗೆ ಕೊಡುತ್ತಾರೆ. “ನೋಡ್ಕೊಳ್ರಿ ಮೇಡಂ” ಎನ್ನುತ್ತಾರೆ. ಅವ್ವಾ ಎಂದು ಇವತ್ತಿನವರೆಗೂ ಕರೆದಿಲ್ಲ.