ಮೊಂಡುಬಾಲ, ನೀಳಬಾಲ

ಕೀಟಸಂಗ್ರಹದ ಕಚೇರಿಯಲ್ಲಿ ಅವಳನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಆ ಹೆಸರನ್ನು ಮನೆಯೊಳಕ್ಕೆ ತಂದವಳು ಅಣ್ಣನ ಹೆಂಡತಿ. ಮದುವೆಯ ಗೋಜಿಗೆ ಹೋಗದೆ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲೇ ಉಳಿದ ನಾದಿನಿಗೂ ಆ ಅತ್ತಿಗೆಗೂ ಹಾಲುಸಕ್ಕರೆಯಂಥ ಸ್ನೇಹ. ನಡುನಡುವೆ ಸ್ವಲ್ಪ ಮೆಣಸು.

ಅವಳ ಕೆಲಸ ಹುಳು ಗುರುತಿಸುವ ಕೈಪಿಡಿಗೆ ಚಿತ್ರ ಬರೆಯುವುದು. ಈಗ ಕೈಯಲ್ಲಿದ್ದುದು ಮುಳ್ಳುಜಿಗಿ ಎಂಬ ಹುಳುವಿನ ಮರಿಗಳ ಪುಟ. ಬೆಳೆದ ಮುಳ್ಳುಜಿಗಿಯನ್ನು ಗುರುತಿಸುವುದು ಸುಲಭ. ಬೆನ್ನ ಮೇಲಿನ ಗಡಸು ಕವಚ ಗುಲಾಬಿಮುಳ್ಳಿನಂತೆ ಎದ್ದಿರುತ್ತದೆ, ಜಾತಿಗೊಂದು ಬಗೆಯ ಕೊಂಬು. ಮರಿಗೆ ಆ ಕಿರೀಟ ಇನ್ನೂ ಬಂದಿರುವುದಿಲ್ಲ. ರೆಕ್ಕೆಯ ಜಾಗದಲ್ಲಿ ಪುಟ್ಟ ಮೊಗ್ಗು, ಬೆನ್ನುದ್ದಕ್ಕೂ ಜೋಡಿಮುಳ್ಳು, ಹಿಂತುದಿಯಲ್ಲೊಂದು ಕೊಳವೆ. ಇಷ್ಟನ್ನೇ ಹಿಡಿದು ಅದರ ಜಾತಿ ಹೇಳಬೇಕು. ಮದ್ಯಸಾರದ ಸೀಸೆಯಲ್ಲಿದ್ದ ಮರಿಗಳಲ್ಲಿ ಕೆಲವಕ್ಕೆ ಬಾಲದ ಕೊಳವೆ ನೀಳ, ಕೆಲವಕ್ಕೆ ಮೊಂಡು. ಅವಳು ಎರಡು ಜಾತಿಯೆಂದು ಎರಡು ಚಿತ್ರ ಬರೆದಿದ್ದಳು. ಪುಟ ಈ ವಾರವೇ ಅಚ್ಚಿಗೆ ಹೋಗಬೇಕು. ಆದರೆ ಎರಡರ ಮುಳ್ಳುಗಳೂ ಒಂದೇ ಅಚ್ಚಿನಂತಿದ್ದುದು ಕಣ್ಣಿಗೆ ಬಿದ್ದ ಕಸದಂತೆ ಒತ್ತುತ್ತಿತ್ತು. ತಪ್ಪಿದ್ದರೆ, ಆ ಪುಟ ನಂಬಿ ತೋಟಕ್ಕಿಳಿದವರೆಲ್ಲ ಇಲ್ಲದ ಹುಳುವನ್ನು ಹುಡುಕುತ್ತಾ ಕೂರಬೇಕು.

ಅಂದು ಬೆಳಿಗ್ಗೆ ಬಾಲ್ಕನಿಯಿಂದ ಅತ್ತಿಗೆ ಕೂಗಿದಳು.

“ಏ ಭೂತಗನ್ನಡಿ, ಬಾರೇ ಇಲ್ಲಿ! ನನ್ನ ಬದನೆ ಗಿಡಕ್ಕೆ ನಿನ್ನ ನೆಂಟರು ಬಂದಿದ್ದಾರೆ.”

ಎಳೆ ಕಾಂಡದ ಮೇಲೆ, ಸೀಸೆಯಲ್ಲಿದ್ದಂಥವೇ, ಬೂದುಬಣ್ಣದ ಮರಿಗಳು ಒತ್ತೊತ್ತಾಗಿ ಕೂತಿದ್ದವು. ಕೆಳಗೆ ಕಾವಲಿಗೆ ನಿಂತಂತೆ ಕೊಂಬಿನ ತಾಯಿ. ಮರಿಗಳು ಹೊರಬಿಡುವ ಸಿಹಿರಸಕ್ಕೆ ಇರುವೆಗಳ ಓಡಾಟ. ಅತ್ತಿಗೆಯ ಕೈಯಲ್ಲಿ ಸೋಪುನೀರಿನ ಡಬ್ಬಿ ಸಿದ್ಧವಾಗಿತ್ತು.

“ಅತ್ತಿಗೆ, ದಮ್ಮಯ್ಯ, ಹೊಡೀಬೇಡಿ.”

“ಗಿಡಾನ ಹಿಂಡಿ ಹಿಪ್ಪೆ ಮಾಡ್ತಿವೆ ಕಣೇ.”

“ಒಂದೇ ಗಳಿಗೆ. ಬಾಲ ನೋಡ್ಬೇಕು.”

“ತಿಂಡಿಗೆ ಬಾ ಅಂದ್ರೆ ಬರಲ್ಲ, ಹುಳದ ಬಾಲ ನೋಡ್ತಾಳಂತೆ!” ಎಂದರೂ ಅತ್ತಿಗೆ ಡಬ್ಬಿ ಕೆಳಗಿಟ್ಟಳು.

ನಾದಿನಿ ಮಂಡಿಯೂರಿದಳು. ಮೊಂಡುಬಾಲದ ಮರಿಯೊಂದರ ಬೆನ್ನನ್ನು ಕುಂಚದ ಕೂದಲಿನಿಂದ ಮೆಲ್ಲಗೆ ಮುಟ್ಟಿದಳು. ಮಡಚಿಟ್ಟ ದುರ್ಬೀನು ತೆರೆದುಕೊಂಡಂತೆ, ಕೊಳವೆಯೊಳಗಿಂದ ಇನ್ನೊಂದು ಕೊಳವೆ ಚಕ್ಕನೆ ಹೊರಬಂದು ಕುಂಚವನ್ನು ತಡವಿತು. ಮತ್ತೆ ಒಳಸೇರಿತು. ಪಕ್ಕದ್ದನ್ನು ಮುಟ್ಟಿದಳು, ಅದೂ ಹಾಗೆಯೇ. ಸೀಸೆಯಲ್ಲಿದ್ದವು ಸಾಯುವಾಗ ಕೆಲವು ಬಾಲ ಚಾಚಿದ್ದವು, ಕೆಲವು ಒಳಗೆಳೆದುಕೊಂಡಿದ್ದವು. ಅಷ್ಟೇ.

“ಏನಾಯ್ತೇ? ಅಳ್ತಿದ್ದೀಯೋ, ನಗ್ತಿದ್ದೀಯೋ?”

“ಎರಡು ಜಾತಿ ಅಲ್ಲ ಅತ್ತಿಗೆ. ಎಲ್ಲಾ ಒಂದೇ ಮನೆಯವು.”

“ನಿಮ್ಮಣ್ಣ ಸಿಟ್ಟಲ್ಲಿ ಒಂಥರಾ, ನಿದ್ದೇಲಿ ಒಂಥರಾ. ನಾನೇನು ಇಬ್ಬರು ಗಂಡಂದಿರು ಅಂತ ಲೆಕ್ಕ ಹಾಕಿದ್ನಾ?”

ಇಬ್ಬರೂ ನಕ್ಕರು. ಆಮೇಲೆ ಅತ್ತಿಗೆಯೇ ಮರಿಗಳಿದ್ದ ಆ ಒಂದು ಕೊಂಬೆಯನ್ನು ಕತ್ತರಿಸಿ ನೀರಿನ ಲೋಟದಲ್ಲಿಟ್ಟಳು.

ಕಚೇರಿಯಲ್ಲಿ ಅವಳು ಎರಡನೆಯ ಜಾತಿಯ ಹೆಸರನ್ನು ಅಳಿಸಿ, ಒಂದೇ ಮರಿಯನ್ನು ಬಾಲ ಚಾಚಿದಂತೆ, ಬಾಲ ಅಡಗಿಸಿದಂತೆ ಅಕ್ಕಪಕ್ಕ ಬರೆದಳು. ಮನೆಯಲ್ಲಿರುವ ಮರಿಗಳಿಗೆ ಕೊಂಬು ಮೂಡಿದ ಮೇಲೆ ಬೆಳೆದ ಹುಳುವಿನ ಚಿತ್ರವನ್ನೂ ಬರೆದರಾಯಿತು.

ಸಂಜೆ ಬಂದು ನೋಡಿದರೆ ಕಿಟಕಿಯ ಬಳಿಯಿದ್ದ ಕೊಂಬೆಗೆ ಹಳೆಯ ಸೊಳ್ಳೆಪರದೆಯ ಚೀಲ ತೊಡಿಸಿತ್ತು. ಅಂಚಿನಲ್ಲಿ ಬೇಕೆಂದೇ ಬಿಟ್ಟ ಸಣ್ಣದೊಂದು ತೂತು.

“ಇದ್ಯಾಕೆ ಅತ್ತಿಗೆ?”

“ನೆಂಟರನ್ನ ಇಟ್ಕೊಂಡ ಮೇಲೆ ಅವರನ್ನ ನೋಡೋಕೆ ಬರೋ ಇರುವೆಗೂ ಬಾಗಿಲು ಬೇಡ್ವಾ?”